ಚಿತ್ರ ಮಾರಾಟವಾಗದ ವರ್ಷಗಳು



ಚಿತ್ರಕಲೆಯ ಮೇಲೆ ಉಪನ್ಯಾಸ ಎಂದರೆ ರೇಖೆ, ವರ್ಣ, ರಸದ ಮಾತು ಬರುತ್ತದೆಂದು ನೀವು ಕಾದು ಕೂತಿರಬಹುದು. ನಾನು ಇವತ್ತು ಮಾತಾಡುವುದು ಸಂಬಳ, ಸಾಲ, ಬಾಕಿಗಳ ಬಗ್ಗೆ. ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ಬದುಕಿಡೀ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ತಿಂಗಳ ಮೊದಲ ತಾರೀಖಿನ ಬೆಲೆ ಅವರಿಗೆ ಗೊತ್ತಿತ್ತು. ಈ ಮಾತಿಗೆ ಅವರಂತೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

1676ರ ಜನವರಿಯಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬ್ರೆಡ್ ಅಂಗಡಿಯವನೊಬ್ಬ ಒಬ್ಬ ವಿಧವೆಯ ಮನೆಯಿಂದ ಎರಡು ವರ್ಣಚಿತ್ರಗಳನ್ನು ಒತ್ತೆಯಾಗಿ ತೆಗೆದುಕೊಂಡ. ಬ್ರೆಡ್ಡಿನ ಬಾಕಿ 617 ಗಿಲ್ಡರ್ ಆಗಿತ್ತು. ತಿಂಗಳ ಹಿಂದೆ ಸತ್ತಿದ್ದ ಗಂಡನ ಹೆಸರು ಯೊಹಾನೆಸ್ ವರ್ಮೀರ್, ವಯಸ್ಸು 43. ಬಿಟ್ಟುಹೋದದ್ದು ಹನ್ನೊಂದು ಮಕ್ಕಳನ್ನು, ಇಂದು ಜಗತ್ತಿನ ದೊಡ್ಡ ಮ್ಯೂಸಿಯಂಗಳು ಕಣ್ಣಿಗೆ ಒತ್ತಿಕೊಳ್ಳುವ ಮೂವತ್ತೈದರ ಆಸುಪಾಸಿನ ಚಿತ್ರಗಳನ್ನು, ಮತ್ತು ಸಾಲವನ್ನು. ಸಾಲ ಕೊಟ್ಟವರಿಂದ ಉಳಿಸಿ ಎಂದು ಹೆಂಡತಿ ಕ್ಯಾಥರೀನಾ ಕೊಟ್ಟ ಅರ್ಜಿ ಉಳಿದಿದೆ. 1672ರಲ್ಲಿ ಫ್ರಾನ್ಸಿನ ಸೈನ್ಯ ನುಗ್ಗಿದ ಮೇಲೆ ಗಂಡನ ಚಿತ್ರ ಬಿಕರಿಯಾಗುವುದೇ ನಿಂತಿತು, ವ್ಯಾಪಾರಕ್ಕೆಂದು ತಂದಿಟ್ಟುಕೊಂಡಿದ್ದ ಬೇರೆ ಕಲಾವಿದರ ಚಿತ್ರಗಳೂ ಕೈಯಲ್ಲೇ ಉಳಿದವು, ಆ ಚಿಂತೆಗೆ ಕುಸಿದು ಒಂದೂವರೆ ದಿನದಲ್ಲಿ ಹೋಗಿಬಿಟ್ಟ ಎಂಬುದು ಅದರ ಸಾರಾಂಶ.

ಈ ಅರ್ಜಿಯನ್ನು ಕಲಾ ಇತಿಹಾಸಕಾರರು ಕರುಣೆಯಿಂದ ಓದುತ್ತಾರೆ. ನನಗೆ ಅದರಲ್ಲಿ ಕಾಣುವುದು ಲೆಕ್ಕ. ವರ್ಮೀರನಿಗೆ ಎರಡು ಆದಾಯ, ಎರಡೂ ಒಂದೇ ಗೋಡೆಗೆ ಆತುಕೊಂಡಿದ್ದವು. ಇಂದಿನ ಕಲಾವಿದನೂ ಹೀಗೆಯೇ. ಚಿತ್ರ ಮಾರುತ್ತಾನೆ, ಅದು ಸಾಲದಾದಾಗ ಚಿತ್ರಕಲೆ ಕಲಿಸುತ್ತಾನೆ, ಅದೂ ಸಾಲದಿದ್ದರೆ ಯಾರದೋ ಮನೆಗೆ ಒಳಾಂಗಣ ಬರೆದುಕೊಡುತ್ತಾನೆ. ದುಡ್ಡಿದ್ದವರ ಕೈ ಬಿಗಿಯಾದ ದಿನ ಮೂರೂ ಒಟ್ಟಿಗೇ ನಿಲ್ಲುತ್ತವೆ. ಇನ್ನು ಆ ಅಂಗಡಿಯವನನ್ನು ಬೈಯಬೇಡಿ. 617 ಗಿಲ್ಡರ್ ಒಂದೆರಡು ತಿಂಗಳ ಬ್ರೆಡ್ಡಿನ ದುಡ್ಡಲ್ಲ. ಪುಣ್ಯಾತ್ಮ ವರ್ಷಗಟ್ಟಲೆ ಉದ್ರಿ ಕೊಟ್ಟಿದ್ದ. ಕೆಟ್ಟ ಕಾಲದಲ್ಲಿ ಕಲೆಯ ಕೊನೆಯ ಪೋಷಕರು ಕಿರಾಣಿ ಅಂಗಡಿಯವರೇ, ಇಂದಿಗೂ.

ಇಲ್ಲೊಂದು ಹಳೆಯ ನಂಬಿಕೆಯನ್ನು ಎದುರು ಹಾಕಿಕೊಳ್ಳಬೇಕಾಗಿದೆ. ಕಷ್ಟ ಬಂದರೆ ಕಲೆ ಅರಳುತ್ತದೆ, ಹೊಟ್ಟೆ ತುಂಬಿದವನಿಗೆ ಕುಂಚ ಓಡುವುದಿಲ್ಲ ಎಂಬ ಮಾತನ್ನು ಸನ್ಮಾನ ಸಮಾರಂಭಗಳಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆ. ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಉದಾಹರಣೆಗೆ ಬರುವವನು ವಿನ್ಸೆಂಟ್ ವ್ಯಾನ್ ಗೋ. ಆದರೆ ವ್ಯಾನ್ ಗೋಗೆ ತಮ್ಮ ಥಿಯೋ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದ, ಬಣ್ಣ ಕ್ಯಾನ್ವಾಸು ಕಳಿಸುತ್ತಿದ್ದ. ಬಡತನವಿತ್ತು, ಕಾಯಿಲೆಯಿತ್ತು, ನಿಜ. ಅವುಗಳ ನಡುವೆಯೂ ಆ ಸೂರ್ಯಕಾಂತಿಗಳು ಅರಳಿದ್ದರ ಹಿಂದೆ ತಮ್ಮನ ಮನಿಯಾರ್ಡರೂ ಇದೆ. ನಾನು ಹೇಳಬೇಕಾದದ್ದು ಇಷ್ಟೇ: ಆರ್ಥಿಕ ಹಿಂಜರಿತ ಕಲಾವಿದನಿಂದ ಮೊದಲು ಕಸಿಯುವುದು ಬಣ್ಣವನ್ನಲ್ಲ, ಹೊತ್ತನ್ನು. ಆ ಹೊತ್ತನ್ನು ಯಾರಾದರೂ ದುಡ್ಡು ಕೊಟ್ಟು ಹಿಂದಿರುಗಿಸಿದ ಕಡೆ ಮಾತ್ರ ಕಷ್ಟಕಾಲದಲ್ಲೂ ದೊಡ್ಡ ಕಲೆ ಬಂದಿದೆ.

ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಸಾಕ್ಷಿ 1930ರ ದಶಕದ ಅಮೆರಿಕ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಬಿತ್ತು. 1933ರ ಹೊತ್ತಿಗೆ ದುಡಿಯಬಲ್ಲ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಚಿತ್ರ ಕೊಳ್ಳುವವರು ಎಲ್ಲಿಂದ ಬರಬೇಕು? ಆ ಮೇ ತಿಂಗಳಲ್ಲಿ ಜಾರ್ಜ್ ಬಿಡಲ್ ಎಂಬ ಚಿತ್ರಕಾರ ತನ್ನ ಹಳೆಯ ಸಹಪಾಠಿಗೆ ಒಂದು ಕಾಗದ ಬರೆದ. ಸಹಪಾಠಿ ಆಗಷ್ಟೇ ಅಧ್ಯಕ್ಷನಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಮೆಕ್ಸಿಕೋದಲ್ಲಿ ಡಿಯೇಗೋ ರಿವೇರಾ ಮತ್ತವನ ಗೆಳೆಯರು ಸರ್ಕಾರಿ ಗೋಡೆಗಳ ಮೇಲೆ ಅಷ್ಟು ದೊಡ್ಡ ಕೆಲಸ ಮಾಡಲು ಸಾಧ್ಯವಾದದ್ದು ಅಲ್ಲಿನ ಸರ್ಕಾರ ಅವರಿಗೆ ನಲ್ಲಿ ರಿಪೇರಿಯವನ ಕೂಲಿ ಕೊಟ್ಟದ್ದರಿಂದ, ನಾವೂ ಹಾಗೆ ಮಾಡಬಾರದೇಕೆ ಎಂದು ಕೇಳಿದ. ಗೌರವಧನ ಕೇಳಲಿಲ್ಲ, ಪ್ರಶಸ್ತಿ ಕೇಳಲಿಲ್ಲ. ಕೂಲಿ ಕೇಳಿದ.

ಡಿಸೆಂಬರಿನಲ್ಲಿ ಮೊದಲ ಯೋಜನೆ ಶುರುವಾಯಿತು. ಏಳೇ ತಿಂಗಳು ನಡೆಯಿತು. ಅಷ್ಟರಲ್ಲಿ 3,700ಕ್ಕೂ ಹೆಚ್ಚು ಕಲಾವಿದರು ಸಂಬಳ ಪಡೆದು 15,000ಕ್ಕೂ ಹೆಚ್ಚು ಕೃತಿಗಳನ್ನು ಕೊಟ್ಟರು. ವಿಷಯ ಮಾತ್ರ ಅಮೆರಿಕದ ಬದುಕೇ ಆಗಿರಬೇಕು ಎಂಬ ಸೂಚನೆ ಇತ್ತು. ಸರ್ಕಾರದ ದುಡ್ಡು ಬಂದ ಕಡೆ ಸರ್ಕಾರದ ಕಣ್ಣೂ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಕೋಯಿಟ್ ಗೋಪುರದ ಭಿತ್ತಿಚಿತ್ರಗಳಲ್ಲಿ ಒಬ್ಬ ಕಲಾವಿದ ಗ್ರಂಥಾಲಯದಲ್ಲಿ ಮಾರ್ಕ್ಸ್‌ನ ಪುಸ್ತಕಕ್ಕೆ ಕೈಚಾಚುವ ಓದುಗನನ್ನು ಬರೆದಿದ್ದ, ಇನ್ನೊಬ್ಬ ಕುಡುಗೋಲು-ಸುತ್ತಿಗೆ ಬರೆದಿದ್ದ. 1934ರಲ್ಲಿ ಹೊರಗೆ ಬಂದರು ಕಾರ್ಮಿಕರ ಮುಷ್ಕರ ನಡೆದಿತ್ತು. ಗೋಪುರದ ಬಾಗಿಲಿಗೆ ತಿಂಗಳುಗಟ್ಟಲೆ ಬೀಗ. ಕುಡುಗೋಲು-ಸುತ್ತಿಗೆ ಅಳಿಸಿಹೋಯಿತು, ಓದುಗ ಇನ್ನೂ ಕೈಚಾಚುತ್ತಲೇ ಇದ್ದಾನೆ.

1935ರಲ್ಲಿ ಬಂದದ್ದು ಇನ್ನೂ ದೊಡ್ಡದು, ಫೆಡರಲ್ ಆರ್ಟ್ ಪ್ರಾಜೆಕ್ಟ್. ಹೋಲ್ಗರ್ ಕಾಹಿಲ್ ಅದರ ನಿರ್ದೇಶಕ. ನ್ಯೂಯಾರ್ಕಿನಲ್ಲಿ ವಾರಕ್ಕೆ ಸುಮಾರು 24 ಡಾಲರ್. ಶ್ರೀಮಂತಿಕೆಯಲ್ಲ, ಆದರೆ ಬಾಡಿಗೆ ಕಟ್ಟಬಹುದು, ಊಟ ಮಾಡಬಹುದು, ಉಳಿದ ಹೊತ್ತೆಲ್ಲ ಚಿತ್ರಕ್ಕೆ. ಭಿತ್ತಿಚಿತ್ರ, ಶಿಲ್ಪ, ಪೋಸ್ಟರ್, ಬೋಧನೆ ಎಂದು ವಿಭಾಗಗಳಿದ್ದವು. ಅವುಗಳಲ್ಲಿ ನನ್ನ ಗಮನವಿರುವುದು ಈಸೆಲ್ ವಿಭಾಗದ ಮೇಲೆ. ಮನೆಯಲ್ಲೇ ಕೂತು ಬರೆಯಿರಿ, ಕೆಲವು ವಾರಗಳಿಗೊಂದು ಚಿತ್ರ ತಂದುಕೊಡಿ, ಹೀಗೇ ಬರೆಯಿರಿ ಎಂಬ ಹಟ ನಮಗಿಲ್ಲ. ಯಾರಿಗೂ ಮಾರಬೇಕಾಗಿಲ್ಲ, ಯಾರ ಹಾಲಿನ ಸೋಫಾಕ್ಕೂ ಬಣ್ಣ ಹೊಂದಬೇಕಾಗಿಲ್ಲ. ಪೇಟೆ ಚೆನ್ನಾಗಿದ್ದ ಇಪ್ಪತ್ತರ ದಶಕದಲ್ಲೂ ಇಂಥ ಸ್ವಾತಂತ್ರ್ಯ ಅವರಿಗೆ ಇರಲಿಲ್ಲ!

ಜಾಕ್ಸನ್ ಪೊಲಾಕ್ ಅಲ್ಲಿ ಸೇರುವ ಮುಂಚೆ ಶಾಲೆಯಲ್ಲಿ ಜವಾನನ ಕೆಲಸ ಮಾಡಿದ್ದ, ಬೀದಿಯ ಪ್ರತಿಮೆಗಳನ್ನು ತಿಕ್ಕಿ ತೊಳೆಯುವ ಪರಿಹಾರ ಕೆಲಸ ಮಾಡಿದ್ದ. ಅವನೂ ಅವನ ಅಣ್ಣನೂ ಒಂದೇ ಮನೆಯಲ್ಲಿದ್ದವರು. ಒಂದು ಮನೆಗೆ ಒಂದೇ ಸಂಬಳ ಎಂಬ ನಿಯಮ ಅಡ್ಡ ಬಂತು. ಅಣ್ಣ ಪೊಲಾಕ್ ಎಂಬ ಮನೆತನದ ಹೆಸರನ್ನೇ ಬಿಟ್ಟು ಮೆಕಾಯ್ ಆದ! ರೇಷನ್ ಕಾರ್ಡಿಗಾಗಿ ಅಣ್ಣತಮ್ಮಂದಿರು ಒಂದೇ ಸೂರಿನಡಿ ಎರಡು ಒಲೆ ತೋರಿಸುವ ನಮ್ಮ ಊರುಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪೊಲಾಕ್ 1935ರಿಂದ 1943ರವರೆಗೆ, ನಡುವೆ ಬಿಟ್ಟುಬಿಟ್ಟು, ಅದೇ ಸಂಬಳದ ಮೇಲೆ ಬದುಕಿದ. ಮಾರ್ಕ್ ರಾಥ್ಕೋ, ಲೀ ಕ್ರಾಸ್ನರ್, ಫಿಲಿಪ್ ಗಸ್ಟನ್, ಆರ್ಷಿಲ್ ಗೋರ್ಕಿ, ಆಲಿಸ್ ನೀಲ್, ಜೇಕಬ್ ಲಾರೆನ್ಸ್ ಎಲ್ಲರೂ ಅದೇ ರಿಜಿಸ್ಟರಿನಲ್ಲಿ ಸಹಿ ಹಾಕಿದವರು. ವಿಲ್ಲೆಮ್ ಡಿ ಕೂನಿಂಗ್ ಕೂಡ ಇದ್ದ. ಅಮೆರಿಕದ ಪೌರನಲ್ಲ ಎಂಬ ಕಾರಣಕ್ಕೆ 1937ರಲ್ಲಿ ಬಿಡಬೇಕಾಯಿತು. ಯುದ್ಧದ ನಂತರ ಪ್ಯಾರಿಸಿನಿಂದ ನ್ಯೂಯಾರ್ಕಿಗೆ ಕಲೆಯ ರಾಜಧಾನಿಯನ್ನು ಎಳೆದು ತಂದ ಪೀಳಿಗೆಯಲ್ಲಿ ಹೆಚ್ಚಿನವರು ಈ ವಾರದ ಚೆಕ್ಕಿನ ಮೇಲೆ ತಯಾರಾದವರು. ಹಸಿವು ಅವರನ್ನು ತಯಾರು ಮಾಡಿತು ಅನ್ನುವವರು ಪ್ರತಿಮೆ ತೊಳೆಯುತ್ತಿದ್ದ ತಿಂಗಳುಗಳಲ್ಲಿ ಪೊಲಾಕ್ ಎಷ್ಟು ಚಿತ್ರ ಬರೆದ ಎಂದು ಕೇಳಿಕೊಳ್ಳಬೇಕು.

ಇದೆಲ್ಲ ಸುಲಭವಾಗಿ ಸಿಕ್ಕಿದ್ದಲ್ಲ. ಸಂಬಳ ಬೇಕಾದರೆ ತಾನು ನಿರ್ಗತಿಕನೆಂದು ಮೊದಲು ಪ್ರಮಾಣ ಮಾಡಿ ಹೇಳಬೇಕು. ಮನೆಗೆ ತನಿಖೆಯವರು ಬರುತ್ತಿದ್ದರು. ಅನುದಾನ ಕಡಿತವಾದಾಗಲೆಲ್ಲ ಕೆಲಸದಿಂದ ತೆಗೆದ ಚೀಟಿ ಬರುತ್ತಿತ್ತು. ಕಲಾವಿದರು ಯೂನಿಯನ್ ಕಟ್ಟಿದರು. 1936ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಚೇರಿಯಲ್ಲಿ ಧರಣಿ ಕೂತ 219 ಮಂದಿಯನ್ನು ಪೊಲೀಸರು ಹಿಡಿದೊಯ್ದರು. ಚಿತ್ರಕಾರ ತನ್ನನ್ನು ಕೂಲಿಕಾರನೆಂದು ಕರೆದುಕೊಂಡು ಬೀದಿಗಿಳಿದ ಈ ಘಳಿಗೆ ನನಗೆ ಅವರ ಎಷ್ಟೋ ಚಿತ್ರಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇದೇ ಯೋಜನೆಯಡಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ 1937ರಲ್ಲಿ ತೆರೆದ ಸಮುದಾಯ ಕಲಾಕೇಂದ್ರವನ್ನು ನಡೆಸಲು ಮೊದಲು ಬಂದವಳು ಶಿಲ್ಪಿ ಆಗಸ್ಟಾ ಸ್ಯಾವೇಜ್. ಬಿಳಿಯರ ಗ್ಯಾಲರಿಗಳ ಬಾಗಿಲು ದಾಟಲಾಗದ ಕಪ್ಪು ಹುಡುಗ ಹುಡುಗಿಯರಿಗೆ ಅಲ್ಲಿ ಜೇಡಿಮಣ್ಣು, ಕಾಗದ, ಮೇಷ್ಟರು ಎಲ್ಲ ಪುಕ್ಕಟೆ. ಪೋಸ್ಟರ್ ವಿಭಾಗದಲ್ಲಿ ಆಂಥೊನಿ ವೆಲೋನಿಸ್ ಎಂಬಾತ ಅಂಗಡಿ ಬೋರ್ಡು ಮಾಡುವವರ ರೇಷ್ಮೆ ಜಾಲರಿಯ ಮುದ್ರಣವನ್ನು ಕಲೆಯ ಕೆಲಸಕ್ಕೆ ಪಳಗಿಸಿದ. ಸ್ಕ್ರೀನ್ ಪ್ರಿಂಟಿಂಗ್ ಎಂದು ನಾವು ಕರೆಯುವ ವಿದ್ಯೆ ಗ್ಯಾಲರಿಯ ಗೋಡೆ ಹತ್ತಿದ್ದರಲ್ಲಿ ಸರ್ಕಾರಿ ಕ್ಷಯರೋಗ ಜಾಗೃತಿಯ ಪೋಸ್ಟರುಗಳ ಪಾಲೂ ಇದೆ.

ಇಷ್ಟಾಗಿ ಆ ಚಿತ್ರಗಳಿಗೆ ಏನಾಯಿತು? ಎರಡನೆಯ ಮಹಾಯುದ್ಧ ಉದ್ಯೋಗ ತಂದಿತು, 1943ರಲ್ಲಿ ಯೋಜನೆ ಮುಚ್ಚಿತು. ನ್ಯೂಯಾರ್ಕಿನ ಉಗ್ರಾಣದಲ್ಲಿದ್ದ ಕ್ಯಾನ್ವಾಸುಗಳನ್ನು ಸರ್ಕಾರ ಗುಜರಿಯ ಹಾಗೆ ತೂಕಕ್ಕೆ ಮಾರಿತು. ಕೆಲವು ಕೆನಾಲ್ ಬೀದಿಯ ಹಳೇ ಸಾಮಾನಿನ ಅಂಗಡಿ ಸೇರಿದವು. ಸುದ್ದಿ ತಿಳಿದು ಓಡಿದ ಕಲಾವಿದರು ತಮ್ಮ ಚಿತ್ರಗಳನ್ನು ತಾವೇ ಬಿಡಿಗಾಸಿಗೆ ಕೊಂಡು ತಂದರು. ಕೊಳವೆಗಳಿಗೆ ಸುತ್ತಲು ಒಬ್ಬ ಪ್ಲಂಬರ್ ಕೊಂಡಿದ್ದನೆಂಬ ಕಥೆಯೂ ಇದೆ. ನ್ಯೂಆರ್ಕ್ ವಿಮಾನನಿಲ್ದಾಣಕ್ಕೆ ಗೋರ್ಕಿ ಬರೆದ ಹತ್ತು ಭಿತ್ತಿಚಿತ್ರಗಳ ಮೇಲೆ ಸುಣ್ಣ-ಬಣ್ಣ ಬಳಿಯಲಾಯಿತು. ದಶಕಗಳ ನಂತರ ಕೆರೆದು ತೆಗೆದಾಗ ಸಿಕ್ಕಿದ್ದು ಎರಡು.

ಹಿಂಜರಿತ ಕಲ್ಪನೆಯನ್ನು ಬದಲಿಸುವುದೇ ಇಲ್ಲವೇ? ಬದಲಿಸುತ್ತದೆ. ಡೊರೊಥಿಯಾ ಲ್ಯಾಂಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶ್ರೀಮಂತರ ಭಾವಚಿತ್ರ ತೆಗೆಯುವ ಸ್ಟುಡಿಯೋ ಇಟ್ಟಿದ್ದವಳು. ಸ್ಟುಡಿಯೋ ಕಿಟಕಿಯ ಕೆಳಗೇ ಗಂಜಿ ಸಾಲುಗಳು ಬೆಳೆದವು. ಅವಳು ಕ್ಯಾಮೆರಾ ಎತ್ತಿಕೊಂಡು ಬೀದಿಗೆ ಇಳಿದಳು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಬಳಿ ಬಟಾಣಿ ಕೀಳುವವರ ಬಿಡಾರದಲ್ಲಿ ತೆಗೆದ ತಾಯಿಯ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಆದರೆ ಬೀದಿಗಿಳಿದವಳು ಅಲ್ಲಿ ವರ್ಷಗಟ್ಟಲೆ ಉಳಿಯಲು ಕಾರಣ ಸರ್ಕಾರದ ಇಲಾಖೆಯೊಂದು ಕೊಟ್ಟ ಸಂಬಳ. ಚಿತ್ರದಲ್ಲಿದ್ದ ತಾಯಿಗೆ ಮಾತ್ರ ಆ ಚಿತ್ರದಿಂದ ದಶಕಗಟ್ಟಲೆ ಬಿಡಿಗಾಸೂ ಹುಟ್ಟಲಿಲ್ಲ.

ನಮ್ಮಲ್ಲಿ ರಾಮ್‌ಕಿಂಕರ್ ಬೈಜ್ ಇದ್ದರು. 1938ರಲ್ಲಿ ಶಾಂತಿನಿಕೇತನದ ಬಯಲಲ್ಲಿ ಎದ್ದ ಅವರ ಸಂತಾಲ ಕುಟುಂಬದ ಶಿಲ್ಪ ಕಂಚಿನದಲ್ಲ, ಸಿಮೆಂಟು ಮತ್ತು ಜಂಬಿಟ್ಟಿಗೆ ಹರಳಿನದು. ಕಂಚಿಗೆ ದುಡ್ಡೆಲ್ಲಿತ್ತು? ಆ ಒರಟು ಮೈ ಕಂಚಿನಲ್ಲಿ ಬರುತ್ತಲೂ ಇರಲಿಲ್ಲ. ತೈಲಚಿತ್ರದ ಕ್ಯಾನ್ವಾಸುಗಳನ್ನು ಅವರು ಸೋರುವ ಹುಲ್ಲು ಮಾಡಿಗೆ ಅಡ್ಡ ಹಿಡಿಯುತ್ತಿದ್ದರೆಂಬುದು ಎಲ್ಲರ ಬಾಯಲ್ಲಿರುವ ಕಥೆ. ಕಥೆ ಹೇಳುವವರು ಒಂದನ್ನು ಮರೆಯುತ್ತಾರೆ. ಕಿಂಕರ್‌ದಾ ಕಲಾಭವನದ ಮೇಷ್ಟರು. ಸಣ್ಣದೋ ಪುಟ್ಟದೋ, ಒಂದು ಸಂಬಳವಿತ್ತು.

ಈಗ ಹತ್ತಿರದ ಕಾಲಕ್ಕೆ ಬರೋಣ. 2005ರ ಸೆಪ್ಟೆಂಬರಿನಲ್ಲಿ ತಯ್ಯಬ್ ಮೆಹ್ತಾರ 'ಮಹಿಷಾಸುರ' ನ್ಯೂಯಾರ್ಕಿನ ಹರಾಜಿನಲ್ಲಿ 15 ಲಕ್ಷ ಡಾಲರಿಗೂ ಮೇಲೆ ಹೋಯಿತು. ಆಧುನಿಕ ಭಾರತೀಯ ಚಿತ್ರವೊಂದು ಹತ್ತು ಲಕ್ಷ ಡಾಲರ್ ದಾಟಿದ್ದು ಅದೇ ಮೊದಲು. ಆಮೇಲೆ ನಮ್ಮಲ್ಲಿ ಚಿತ್ರ ನೋಡುವವರಿಗಿಂತ ಚಿತ್ರದ ಮೇಲೆ ದುಡ್ಡು ಹಾಕುವವರು ಜಾಸ್ತಿಯಾದರು. ಕಲೆಗೇ ಮೀಸಲಾದ ಹೂಡಿಕೆ ನಿಧಿಗಳು ಹುಟ್ಟಿದವು. 2006ರಲ್ಲಿ ಸುಮಾರು 100 ಕೋಟಿ ರೂಪಾಯಿ ಎತ್ತಿದ ಓಸಿಯಾನ್ಸ್ ನಿಧಿ 2009ರಲ್ಲಿ ಹೂಡಿಕೆದಾರರಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಹಿಂದಿರುಗಿಸಲಾಗದೆ ಒದ್ದಾಡಿತು. ನಡುವೆ 2008ರ ಸೆಪ್ಟೆಂಬರ್ 15, ಲೇಮನ್ ಬ್ಯಾಂಕ್ ಮುಳುಗಿದ ದಿನ. ಅದೇ ದಿನ ಲಂಡನ್ನಿನಲ್ಲಿ ಡೇಮಿಯನ್ ಹರ್ಸ್ಟ್ ತನ್ನ ಕೃತಿಗಳನ್ನು ನೇರವಾಗಿ ಹರಾಜಿಗಿಟ್ಟು ಎರಡು ದಿನಗಳಲ್ಲಿ 11 ಕೋಟಿ ಪೌಂಡಿಗೂ ಹೆಚ್ಚು ಗಳಿಸಿದ. ಮನೆಗೆ ಬೆಂಕಿ ಬಿದ್ದಾಗ ಮೇಲ್ಮಹಡಿಯವರಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ.

ಕೆಳಮಹಡಿಯಲ್ಲಿ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಪ್ಪತ್ತೆಂಟರ ಹುಡುಗನೊಬ್ಬನ ಕ್ಯಾನ್ವಾಸ್ ಭರಾಟೆಯ ಕಾಲದಲ್ಲಿ ಮೂರು ಲಕ್ಷಕ್ಕೆ ಹೋಯಿತೆನ್ನಿ. ಕುಸಿತ ಬಂತು. ಅಕ್ಕಿ ವ್ಯಾಪಾರಿಯಾದರೆ ಬೆಲೆ ಇಳಿಸಿ ಮಾರಿ ಮುಗಿಸುತ್ತಾನೆ. ಈ ಹುಡುಗ ಇಳಿಸುವಂತಿಲ್ಲ. ಇಳಿಸಿದರೆ ಮೊದಲು ಮೂರು ಲಕ್ಷ ಕೊಟ್ಟವನು ಗ್ಯಾಲರಿಗೆ ಫೋನ್ ಮಾಡುತ್ತಾನೆ, ಗ್ಯಾಲರಿಯವರು ಹುಡುಗನಿಗೆ ಫೋನ್ ಮಾಡುತ್ತಾರೆ. ಇಳಿಸದಿದ್ದರೆ ಮಾರಾಟವಿಲ್ಲ. ಹೀಗೆ ಬೆಲೆ ಕಾಗದದ ಮೇಲೆ ಮೂರು ಲಕ್ಷವಾಗಿಯೇ ಉಳಿದು ಮನೆ ಬಾಡಿಗೆ ನಾಲ್ಕು ತಿಂಗಳು ನಿಂತುಹೋಗುತ್ತದೆ. ಕಲಾವಿದ ತಪ್ಪಿಸಿಕೊಳ್ಳುವ ದಾರಿ ಒಂದೇ: ಮಾಧ್ಯಮ ಬದಲಿಸುವುದು. ಕ್ಯಾನ್ವಾಸ್ ಬಿಟ್ಟು ಕಾಗದದ ಮೇಲೆ ಇಂಕು, ಸಣ್ಣ ಅಳತೆ, ಅಚ್ಚು ಪ್ರತಿಗಳು. ಇದಕ್ಕೆ ಬೆಲೆಯೂ ಬೇರೆ, ಹಳೆಯ ಗಿರಾಕಿಗೆ ಅವಮಾನವೂ ಇಲ್ಲ. ಹಿಂಜರಿತದ ಕಾಲದಲ್ಲಿ ಚಿತ್ರಗಳು ಸಣ್ಣವಾಗುತ್ತವೆ, ರೇಖಾಚಿತ್ರಗಳು ಹೆಚ್ಚುತ್ತವೆ ಎಂಬುದನ್ನು ವಿಮರ್ಶಕರು ಅಂತರ್ಮುಖತೆ ಎಂದು ಬರೆದದ್ದುಂಟು. ಕೆಲವೊಮ್ಮೆ ಅದು ನಿಜವೂ ಆಗುತ್ತದೆ. ಸಣ್ಣ ಕಾಗದದ ಮೇಲೆ ಕೈ ಹಗುರಾಗಿ ಇನ್ನೇನೋ ಸಿಕ್ಕಿಬಿಟ್ಟವರನ್ನು ಕಂಡಿದ್ದೇನೆ.

ಭರಾಟೆಯ ಲಾಭದಲ್ಲಿ ಪಾಲು ಸಿಕ್ಕಿದ್ದರೆ ಕುಸಿತವನ್ನು ತಡೆದುಕೊಳ್ಳಬಹುದಿತ್ತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ 53ಎ ಎಂಬ ಕಲಂ ಇದೆ, 1994ರ ತಿದ್ದುಪಡಿಯಲ್ಲಿ ಬಂದದ್ದು. ಹತ್ತು ಸಾವಿರಕ್ಕಿಂತ ಹೆಚ್ಚು ಬೆಲೆಗೆ ಚಿತ್ರ ಮರುಮಾರಾಟವಾದರೆ ಕಲಾವಿದನಿಗೆ ಶೇಕಡಾ 10ರವರೆಗೆ ಪಾಲು ಕೊಡಿಸಬಹುದು. ಓದಲು ಸೊಗಸಾಗಿದೆ. ಈ ಸಭೆಯಲ್ಲಿ ಆ ದುಡ್ಡು ಕೈಯಾರೆ ಎಣಿಸಿದವರಿದ್ದರೆ ದಯವಿಟ್ಟು ಕೈ ಎತ್ತಿ.

ಕರ್ನಾಟಕದಲ್ಲಿ ಹಿಂಜರಿತ ಅರ್ಥಶಾಸ್ತ್ರಜ್ಞರಿಗಿಂತ ಮೊದಲು ಫ್ರೇಮು ಹಾಕುವವರಿಗೆ ಗೊತ್ತಾಗುತ್ತದೆ. ಅರ್ಧ ಅಡ್ವಾನ್ಸ್ ಕೊಟ್ಟು ಹೋದವರು ತಿರುಗಿ ಬರುವುದಿಲ್ಲ. ಫ್ರೇಮು ಹಾಕಿ ಮುಗಿದ ಚಿತ್ರಗಳು ಗೋಡೆಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತವೆ, ಹಿಂಬದಿಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಫೋನ್ ನಂಬರು ಮಾಸುತ್ತ ಬರುತ್ತದೆ. 2020ರ ಮಾರ್ಚಿನ ಲಾಕ್‌ಡೌನ್ ಇದಕ್ಕಿಂತ ಕ್ರೂರ. ಅದು ಬಂದದ್ದು ಬೇಸಿಗೆ ಶಿಬಿರಗಳ ಹೊಸ್ತಿಲಲ್ಲಿ. ನಮ್ಮ ಸಣ್ಣ ಊರಿನ ಎಷ್ಟೋ ಕಲಾವಿದರಿಗೆ ವರ್ಷದ ದೊಡ್ಡ ಗಳಿಕೆಯೆಂದರೆ ಏಪ್ರಿಲ್-ಮೇ ತಿಂಗಳ ಮಕ್ಕಳ ಶಿಬಿರ. ಅದರ ಹಿಂದೆಯೇ ಜಾತ್ರೆಯ ನಾಟಕದ ಪರದೆ, ಮದುವೆ ಮಂಟಪ, ಗಣೇಶನ ಹಬ್ಬ, ಎಲ್ಲ ಒಂದರ ಹಿಂದೊಂದು ಬಿದ್ದವು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯಲ್ಲಿ ನಡೆಸುವ ಚಿತ್ರಸಂತೆ 2021ರಲ್ಲಿ ಆನ್‌ಲೈನ್ ಆಯಿತು. ಆ ಸಂತೆಯ ಗಮ್ಮತ್ತೇ ಫುಟ್‌ಪಾತಿನಲ್ಲಿ ಕೂತ ಕಲಾವಿದನ ಎದುರು ಗಿರಾಕಿ ಚೌಕಾಸಿ ಮಾಡುತ್ತ ನಿಲ್ಲುವುದು. ಫೋನಿನ ಪರದೆಯಲ್ಲಿ ಯಾರು ಚೌಕಾಸಿ ಮಾಡುತ್ತಾರೆ?

ಆದರೂ ನಮ್ಮ ನಾಡಿನಲ್ಲಿ ಕಲೆ ಉಳಿದುಕೊಂಡು ಬಂದಿದೆ. ಅರಮನೆಯಿಂದಲ್ಲ. ಕೆ. ವೆಂಕಟಪ್ಪನವರಂಥ ಕಲಾವಿದರ ಮೈಸೂರು ಅರಮನೆಯ ಕೆಲಸ 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ನಿಂತು, ವ್ಯಾಜ್ಯ ಕೋರ್ಟು ಮುಟ್ಟಿತು. ಒಬ್ಬನೇ ಪೋಷಕನಿದ್ದರೆ ಅವನ ಆಯುಸ್ಸೇ ನಿಮ್ಮ ಆರ್ಥಿಕತೆ. ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಲ್ಲಿ ಅನ್ನ ಕಂಡರು, ಕಲೆಯನ್ನೂ ಕಂಡರು. ಇಲ್ಲೇ ಉಳಿದವರನ್ನು ಸಾಕಿದ್ದು ಬಹುಮಟ್ಟಿಗೆ ಶಾಲೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದುಗಿನಲ್ಲಿ ಟಿ.ಪಿ. ಅಕ್ಕಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಇಂಥವರು ಕಲಿಸಿ ಕಳಿಸಿದ ಹುಡುಗರು ಊರೂರಿನ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟರಾದರು. ಲೋಯರ್, ಹೈಯರ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದರು, ಸ್ವಾತಂತ್ರ್ಯ ದಿನಕ್ಕೆ ಬೋರ್ಡು ಬರೆದರು, ಸಂಜೆ ಐದರ ಮೇಲೆ ತಮ್ಮ ಚಿತ್ರ ಬರೆದರು. ಬರ ಬಂದರೂ ಷೇರುಪೇಟೆ ಬಿದ್ದರೂ ಆ ಸಂಬಳ ಬಂತು. ಅಮೆರಿಕ ಎಂಟು ವರ್ಷ ಮಾಡಿ ಕೈಬಿಟ್ಟದ್ದನ್ನು ನಾವು ಹೆಸರಿಡದೆ ದಶಕಗಟ್ಟಲೆ ಮಾಡಿದೆವು. ಈಗ ನಿವೃತ್ತರಾದ ಡ್ರಾಯಿಂಗ್ ಮೇಷ್ಟರ ಜಾಗಕ್ಕೆ ಇನ್ನೊಬ್ಬರು ಬಾರದ ಶಾಲೆಗಳನ್ನು ನೀವೂ ನೋಡುತ್ತಿದ್ದೀರಿ. ಆ ಪಿರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುತ್ತಾರೆ. ಇದನ್ನು ಶಿಕ್ಷಣದ ಸುದ್ದಿ ಎಂದು ಓದುತ್ತೇವೆ, ನನಗೆ ಇದು ಕಲೆಯ ಸುದ್ದಿ.

ಸರ್ಕಾರಿ ಸಂಬಳಕ್ಕೆ ಎದುರಾಗಿ ಹೇಳುವ ಒಂದು ಉದಾಹರಣೆಯಿದೆ. ಅದನ್ನು ಮುಚ್ಚಿಡುವುದಿಲ್ಲ. ಹಾಲೆಂಡಿನಲ್ಲಿ 1949ರಿಂದ 1987ರವರೆಗೆ ಕಲಾವಿದರಿಗೆ ಜೀವನಾಂಶ ಕೊಟ್ಟು ಬದಲಿಗೆ ಕೃತಿಗಳನ್ನು ಪಡೆಯುವ ಯೋಜನೆಯಿತ್ತು. ಉಗ್ರಾಣಗಳು ತುಂಬಿ ತುಳುಕಿದವು. ಯಾರೂ ಕೇಳದ ಚಿತ್ರಗಳ ರಾಶಿ, ಕೊನೆಗೆ ನಿಲ್ಲಿಸಿದರು. ತಪ್ಪು ಸಂಬಳದಲ್ಲಿರಲಿಲ್ಲ, ಸಂಬಳಕ್ಕೆ ಬದಲಾಗಿ ಚಿತ್ರವನ್ನು ಅಳೆದುಕೊಂಡದ್ದರಲ್ಲಿತ್ತು ಎಂಬುದು ನನ್ನ ಎಣಿಕೆ. ಕೋವಿಡ್ ನಂತರ 2022ರಲ್ಲಿ ಐರ್ಲೆಂಡ್ ಬೇರೆ ದಾರಿ ಹಿಡಿಯಿತು. 2,000 ಕಲಾವಿದರಿಗೆ ವಾರಕ್ಕೆ 325 ಯೂರೊ, ಮೂರು ವರ್ಷ. ಬದಲಿಗೆ ಚಿತ್ರ ಕೇಳಲಿಲ್ಲ. ಅರ್ಹರಾದವರಲ್ಲಿ ಯಾರಿಗೆ ಎಂಬುದನ್ನು ಲಾಟರಿಯಂತೆ ಆರಿಸಿದರು.

ಲಾಟರಿ ಎಂದಾಗ ಇಲ್ಲಿ ಕೆಲವರು ನಕ್ಕಿರಿ. ಪ್ರತಿಭೆಯನ್ನು ಆರಿಸಲು ತಜ್ಞರ ಸಮಿತಿ ಬೇಡವೇ ಎಂದು ಕೇಳುತ್ತೀರಿ. ಪ್ರತಿಮೆ ತೊಳೆಯುತ್ತಿದ್ದ 1935ರ ಪೊಲಾಕನನ್ನು ಆಗಿನ ಯಾವ ತಜ್ಞರ ಸಮಿತಿಯೂ ಶತಮಾನದ ಕಲಾವಿದನೆಂದು ಆರಿಸುತ್ತಿರಲಿಲ್ಲ. ಅವನನ್ನು ಒಳಗೆ ಬಿಟ್ಟದ್ದು ನಿರ್ಗತಿಕ ಎಂಬ ಒಂದು ಸರ್ಟಿಫಿಕೇಟು. ನಮ್ಮ ಸರ್ಕಾರ ಒಂದು ದಿನದ ಕಲಾ ಶಿಬಿರಗಳಿಗೆ, ಶಾಲು-ಹಾರಗಳಿಗೆ ಹಾಕುವ ದುಡ್ಡಿನಲ್ಲಿ ಜಿಲ್ಲೆಗೆ ಹತ್ತು ಮಂದಿ ಕಲಾವಿದರಿಗೆ ಎರಡು ವರ್ಷ ತಿಂಗಳ ಸಂಬಳ ಕೊಟ್ಟು ನೋಡಲಿ, ಖಾಲಿ ಬಿದ್ದ ಡ್ರಾಯಿಂಗ್ ಹುದ್ದೆಗಳನ್ನು ತುಂಬಲಿ. ಹತ್ತು ಮಂದಿಯನ್ನು ಚೀಟಿ ಎತ್ತಿಯೇ ಆರಿಸಲಿ. ಆಯ್ಕೆ ಸಮಿತಿಯವರ ಪ್ರಯಾಣಭತ್ಯೆಯಾದರೂ ಉಳಿಯುತ್ತದೆ.